ಅತ್ತೆಯ ಮೊಸರು ಮತ್ತು ಸೋರುವ ಫ್ರಿಜ್

೧೯೭೪ರ ಮೇ ತಿಂಗಳು. ನಾವಾಗ ಡೆಟ್ರಾಯಿಟ್ ಹತ್ತಿರದ ಒಂದು ಬಡಾವಣೆಯಲ್ಲಿದ್ದೆವು. ಹಿಂದಿನ ದಸರಾಗೆ ಮುಂಚೆ ಮೈಸೂರಿನಿಂದ ಬಂದಿದ್ದ ನಮ್ಮತ್ತೆ ಚಳಿಗಾಲವನ್ನೆಲ್ಲ ನಮ್ಮ ಜೊತೆ ಕಳೆದು, ಮುಂದಿನ ವಾರ ಊರಿಗೆ ಹೊರಡುವವರಿದ್ದರು. ಬಂದಾಗಿನಿಂದ ಅವರು ಮಗನನ್ನು ಆಸೆಪಟ್ಟು ಕೇಳಿದ್ದು ಒಂದೇ. "ಆಚೆ ದಡಾನೇ ಕಾಣದಷ್ಟು ದೊಡ್ಡ ಕೆರೆ ಇದೆಯಂತಲ್ಲೋ, ಅದನ್ನೊಂದು ತೋರಿಸಿಬಿಡು."

ಮಿಷಿಗನ್ ಸರೋವರವೇನೋ ಕಾರಿನಲ್ಲಿ ಹೋಗುವಷ್ಟೇ ದೂರ. ಆದರೆ ಅತ್ತೆ ಹೊರಗಡೆ ಏನನ್ನೂ ತಿನ್ನುವವರಲ್ಲ. ಮೊಸರನ್ನವಿಲ್ಲದೆ ಅವರಿಗೆ ಊಟ ಆದ ಹಾಗಲ್ಲ. ನಾವು ನಂಬಿದ್ದು ನಮ್ಮ ಸೆಕೆಂಡ್‌ಹ್ಯಾಂಡ್ ಟ್ರೈಲರನ್ನು. ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಮನೆ ಅದು; ಒಲೆ, ಮಂಚ, ಗ್ಯಾಸಿನಿಂದ ನಡೆಯುವ ಫ್ರಿಜ್ ಎಲ್ಲ ಅದರಲ್ಲಿತ್ತು. ಚಳಿಗಾಲವಿಡೀ ಹಿತ್ತಲಲ್ಲಿ ಟಾರ್ಪಾಲಿನ್ ಹೊದ್ದು ನಿಂತಿದ್ದ ಅದನ್ನು ಹೊರಡುವ ಹಿಂದಿನ ದಿನ ತೊಳೆದು, ಫ್ರಿಜ್ ಹಚ್ಚಿ, ಹಾಲು ಮೊಸರು ಇಟ್ಟೆವು. ಬೆಳಗ್ಗೆ ಹೋಗಿ ನೋಡಿದರೆ ನೆಲವೆಲ್ಲ ನೀರು!

ನಮ್ಮ ಯಜಮಾನರು ಕಾರ್ ಕಂಪನಿಯಲ್ಲಿ ಇಂಜಿನಿಯರ್. ಯಾವುದೇ ಯಂತ್ರ ಮಾತು ಕೇಳದಿದ್ದರೆ ಅವರಿಗೆ ಮೂಗಿನ ತುದಿಯಲ್ಲೇ ಕೋಪ. "ಚಳಿಗೆ ಪೈಪ್ ಒಡೆದಿರಬೇಕು" ಎಂದು ಟ್ರೈಲರಿನ ಅಡಿಗೆ ನುಸುಳಿದರು. ಪೈಪು ನೆಟ್ಟಗಿತ್ತು. ಫ್ರಿಜ್ ಓರೆಯಾಗಿದೆಯೆಂದು ಚಕ್ರದ ಕೆಳಗೆ ಹಲಗೆ ಕೊಟ್ಟು ಮಟ್ಟ ಮಾಡಿದರು. ಬಾಗಿಲಿನ ರಬ್ಬರನ್ನೂ ನೋಡಿದ್ದಾಯಿತು. ನೀರು ಮಾತ್ರ ನಿಲ್ಲಲಿಲ್ಲ.

ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು ಸಿದ್ಧರಾಗಿ ಕೂತಿದ್ದ ಅತ್ತೆ, "ಹೋಗ್ಲಿ ಬಿಡೋ. ನಮ್ಮೂರಲ್ಲೂ ಕೆರೆ ಇದೆ" ಎಂದರು.

"ರೀ, ಒಳಗಡೆ ಐಸ್ ಕರಗಿದ ನೀರು ಎಲ್ಲಿಗೆ ಹೋಗಬೇಕು?" ಎಂದು ಕೇಳಿದೆ.

"ಫ್ರಿಜ್ ಒಳಗಿರೋ ಆ ತಟ್ಟೆಗೆ ಬಿದ್ದು ಸಣ್ಣ ಕೊಳವೆಯಲ್ಲಿ ಟ್ರೈಲರಿನ ಹೊರಗೆ ಹೋಗತ್ತೆ."

ಒಂದು ಲೋಟ ನೀರು ತಂದು ತಟ್ಟೆಗೆ ಸುರಿದೆ. ಹೊರಗೆ ಒಂದು ಹನಿಯೂ ಬೀಳಲಿಲ್ಲ. ಯಜಮಾನರು ತೆಳು ತಂತಿಯೊಂದನ್ನು ಕೊಕ್ಕೆಯಂತೆ ಬಗ್ಗಿಸಿ ಕೊಳವೆಯೊಳಗೆ ಬಿಟ್ಟು ಮೆಲ್ಲಗೆ ಎಳೆದರು. ಉಬ್ಬಿದ ಅಕ್ಕಿಕಾಳೊಂದು ಬಂತು. ಅರಿಶಿನದ ಬಣ್ಣ! ಅದರ ಹಿಂದೆ ಇನ್ನಷ್ಟು ಬಂದವು.

ಹಿಂದಿನ ಅಕ್ಟೋಬರಿನ ಆಯುಧಪೂಜೆಯ ದಿನ ಅತ್ತೆ ಕಾರಿಗೂ ಟ್ರೈಲರಿಗೂ ಪೂಜೆ ಮಾಡಿ, "ನನ್ನ ಮೊಸರು ಕಾಯೋದು ಇದೇ ತಾನೇ" ಎಂದು ಫ್ರಿಜ್ಜಿನ ಒಳಗೂ ಒಂದು ಹಿಡಿ ಅಕ್ಷತೆ ಹಾಕಿದ್ದರು.

"ಅಯ್ಯೋ, ನನ್ನ ಅಕ್ಷತೇನೇನೋ ಇದು!" ಅತ್ತೆಯ ಮುಖ ಸಣ್ಣದಾಯಿತು. ಇನ್ನು ಯಜಮಾನರು ರೇಗುತ್ತಾರೆಂದು ನಾನು ಹೆದರಿದೆ. ಅವರು ಒದ್ದೆ ನೆಲದ ಮೇಲೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನಿನ್ನ ಆಶೀರ್ವಾದ ಇಷ್ಟು ಗಟ್ಟಿ ಅಂತ ಗೊತ್ತಿರಲಿಲ್ಲ ಕಣಮ್ಮ!"

ಮಧ್ಯಾಹ್ನ ಹೊರಟೇಬಿಟ್ಟೆವು. ಮರುದಿನ ಅತ್ತೆ ಸರೋವರದ ಮುಂದೆ ಕೂತು ತಣ್ಣನೆಯ ಮೊಸರನ್ನ ಉಂಡರು. ಮುಂದಿನ ವಾರ ಖುಷಿಯಾಗಿ ವಿಮಾನ ಹತ್ತಿದರು.

ಆ ವರ್ಷದ ಆಯುಧಪೂಜೆಗೆ ಅತ್ತೆ ಮೈಸೂರಿನಲ್ಲಿದ್ದರು. ನಾನು ಫ್ರಿಜ್ಜಿನ ಹೊರಗಷ್ಟೇ ಕುಂಕುಮವಿಟ್ಟು ಟ್ರೈಲರಿನಿಂದ ಇಳಿಯುವುದರಲ್ಲಿದ್ದೆ. ಪೂಜೆ ಪುನಸ್ಕಾರವೆಂದರೆ ದೂರ ನಿಲ್ಲುವ ಯಜಮಾನರು ತಾವಾಗಿಯೇ ಒಳಗೆ ಬಂದರು. ಕೊಳವೆಯ ಬಾಯಿಗೆ ಬಟ್ಟೆಯ ಚೂರೊಂದನ್ನು ತುರುಕಿ, ಫ್ರಿಜ್ ಬಾಗಿಲು ತೆಗೆದು ಹಿಡಿದುಕೊಂಡು, "ಹೂಂ, ಈಗ ಹಾಕು ಅಕ್ಷತೆ" ಎಂದರು. ಆ ಗಳಿಗೆಯಲ್ಲಿ ಅವರ ಮೇಲೆ ಉಕ್ಕಿದ ಪ್ರೀತಿ ಇವತ್ತಿಗೂ ನನ್ನಲ್ಲಿ ಹಾಗೇ ಇದೆ.