ಕಾಲಂಚಿನ ಮೂರು ಗೆರೆ

ಸಿನಿಮಾ ಮಂದಿರದ ಮೆಟ್ಟಿಲ ಕೆಳಗೆ, ಇಬ್ಬರು ಒಳಗೆ ಬಂದರೆ ಮೂರನೆಯವರು ಬೀದಿಯಲ್ಲೇ ನಿಲ್ಲಬೇಕಾದಷ್ಟು ಜಾಗದಲ್ಲಿ ಅವಳ ಅಂಗಡಿ. ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಪೆಟ್ಟಿಗೆ, ಮೂಲೆ ಒಡೆದ ನಿಲುವುಗನ್ನಡಿ, ಹಗ್ಗಕ್ಕೆ ನೇತುಹಾಕಿದ ಪರದೆ. ಹೊರಗಿನ ಬೋರ್ಡಿನಲ್ಲಿ 'ಆಲ್ಟರೇಷನ್' ಎಂದಷ್ಟೇ ಬರೆದಿತ್ತು. ಹಾಗಾಗಿ ಇಡೀ ಬೀದಿಗೆ ಅವಳು ಆಲ್ಟರೇಷನ್ ಅಕ್ಕ.

ಅಕ್ಕ ಹೊಸ ಬಟ್ಟೆ ಹೊಲಿಯುತ್ತಿರಲಿಲ್ಲ. ಯಾರಾದರೂ ಕೇಳಿದರೆ, "ಹೊಸದು ಹೊಲಿಯೋರು ಬೇಕಾದಷ್ಟು ಜನ ಇದ್ದಾರೆ. ಇದ್ದದ್ದನ್ನ ಮೈಗೆ ಹೊಂದಿಸೋಕೂ ಒಬ್ಬರು ಬೇಡ್ವಾ?" ಎನ್ನುತ್ತಿದ್ದಳು. ಏಳನೇ ತರಗತಿಗೇ ಶಾಲೆ ಬಿಟ್ಟವಳು. ಕಸುಬನ್ನು ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿರಲಿಲ್ಲ. ಹಳೆಯ ಅಂಗಿ, ಕೋಟುಗಳ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿ, ಹೊಲಿದವರು ಯಾಕೆ ಹೀಗೆ ಮಾಡಿದರು ಎಂದು ಯೋಚಿಸಿ ಕಲಿತಿದ್ದಳು. ಓದನ್ನೂ ಅಷ್ಟೇ, ಅಳತೆ ಕತ್ತರಿಸಲು ತಂದ ಹಳೆಯ ಪತ್ರಿಕೆಗಳಲ್ಲಿ ಕಲಿತಳು. ಅರ್ಧ ಓದಿದ ಸುದ್ದಿ ಕತ್ತರಿಗೆ ಸಿಕ್ಕಿಬಿಟ್ಟರೆ ಉಳಿದರ್ಧವನ್ನು ತಾನೇ ಊಹಿಸಿಕೊಳ್ಳುತ್ತಿದ್ದಳು. ಬೆಳಿಗ್ಗೆ ಮೊದಲ ಸೂಜಿಗೆ ದಾರ ಪೋಣಿಸುವ ಮೊದಲು ಒಂದು ಗಳಿಗೆ ಕಣ್ಣು ಮುಚ್ಚುವಳು. ಕೇಳಿಕೊಳ್ಳುತ್ತಿದ್ದುದು ಒಂದೇ: ಇವತ್ತು ಯಾರ ಬಟ್ಟೆಯೂ ನನ್ನ ಕೈಯಲ್ಲಿ ಕೆಡದಿರಲಿ.

ಅವಳಿಗೆ ಒಬ್ಬಳೇ ಮಗಳು. ಎರಡು ಗಂಟೆಯ ದಾರಿಯ ಇನ್ನೊಂದು ಊರಿನ ಆಸ್ಪತ್ರೆಯಲ್ಲಿ ಆಂಬುಲೆನ್ಸ್ ಓಡಿಸುತ್ತಿದ್ದಳು. ವಾರಕ್ಕೊಂದು ರಜೆ, ಭಾನುವಾರ.

ಈ ತಾಯಿ ಮಗಳು ಹದಿನಾಲ್ಕು ವರ್ಷದಿಂದ ಒಂದು ಸಿನಿಮಾಕ್ಕಾಗಿ ಕಾದಿದ್ದರು. ಮಗಳಿಗೆ ಏಳು ವರ್ಷವಾಗಿದ್ದಾಗ ಇದೇ ಮಂದಿರಕ್ಕೆ ಒಂದು ಕಾರ್ಟೂನ್ ಚಿತ್ರ ಬಂದಿತ್ತು. ಅದರಲ್ಲೊಂದು ವೀರರ ಸಂಸಾರ. ಅಪ್ಪನಿಗೆ ಹತ್ತು ಊರಿನಾಚೆಯ ಪಿಸುಮಾತೂ ಕೇಳುತ್ತದೆ, ಹೆಂಡತಿ ಕರೆದದ್ದು ಮಾತ್ರ ಕೇಳುವುದಿಲ್ಲ. ಅಮ್ಮ ಬಿರುಗಾಳಿಯನ್ನು ಅಂಗೈಯಲ್ಲಿ ತಡೆಯುತ್ತಾಳೆ. ಅಜ್ಜ ಕಾಲವನ್ನೇ ಒಂದು ನಿಮಿಷ ನಿಲ್ಲಿಸಬಲ್ಲ, ಆದರೆ ಆ ನಿಮಿಷವನ್ನೆಲ್ಲ ತೂಕಡಿಸಿ ಕಳೆಯುತ್ತಾನೆ. ಪುಟ್ಟ ಮಗಳು ಸೂರಿನ ಮೇಲೆ ಹಲ್ಲಿಯಂತೆ ತಲೆಕೆಳಗಾಗಿ ನಡೆಯುತ್ತಾಳೆ. ಕೊನೆಯಲ್ಲಿ ಯಾರೋ ಬಾಗಿಲು ತಟ್ಟುತ್ತಾರೆ, ಚಿತ್ರ ಅಲ್ಲಿಗೆ ನಿಂತುಬಿಡುತ್ತದೆ. ಬಾಗಿಲ ಹಿಂದೆ ಯಾರು ಎಂದು ಆ ವಾರವೆಲ್ಲ ಮಗಳು ಊಟ ಬಿಟ್ಟು ಕೇಳಿದ್ದಳು. "ಎರಡನೇ ಭಾಗ ಬರಲಿ, ಇಬ್ಬರೂ ಒಟ್ಟಿಗೆ ನೋಡೋಣ" ಎಂದು ಅಕ್ಕ ಮಾತು ಕೊಟ್ಟಿದ್ದಳು. ಬರುತ್ತದೆ, ಬರುತ್ತದೆ ಎನ್ನುತ್ತಲೇ ಮಗಳು ಬೆಳೆದು ಗಾಡಿ ಓಡಿಸುವಂತಾದಳು. ಈಗ, ಕೊನೆಗೂ, ಅದು ಬಂದಿತ್ತು.

ಶುಕ್ರವಾರ ಮೊದಲ ಆಟ ಮುಗಿಯಿತು. ಟಿಕೆಟ್ ಕಿಟಕಿಯ ಪಕ್ಕ ಒಂದು ಹಲಗೆಯಿದೆ. ಪ್ರತಿ ಹೊಸ ಚಿತ್ರದ ಬಗ್ಗೆ ನೋಡಿದವರೊಬ್ಬರು ಬರೆದದ್ದನ್ನು ಮ್ಯಾನೇಜರ್ ಅಲ್ಲಿ ಅಂಟಿಸುತ್ತಾನೆ. ಯಾರು ಬೇಕಾದರೂ ಬರೆಯಬಹುದು ಎಂಬ ಮಾತೇನೋ ಇತ್ತು. ಆದರೆ ಹನ್ನೊಂದು ವರ್ಷದಿಂದ ಆ ಹಲಗೆ ನಿವೃತ್ತ ಮೇಷ್ಟ್ರೊಬ್ಬರದೇ ಆಗಿಹೋಗಿತ್ತು. ಜೇಬಿನಲ್ಲಿ ಸದಾ ಕೆಂಪು ಪೆನ್ನು ಇರುತ್ತಿದ್ದುದರಿಂದ ಅವರು ಕೆಂಪು ಪೆನ್ನಿನ ಮೇಷ್ಟ್ರು. ಜನ ಹಲಗೆ ಓದಿಯೇ ಟಿಕೆಟ್ಟಿಗೆ ಕೈ ಚಾಚುತ್ತಿದ್ದರು, ಇಲ್ಲವೇ ಮನೆಗೆ ತಿರುಗುತ್ತಿದ್ದರು.

ಆ ದಿನ ಮೇಷ್ಟ್ರು ಬರೆದಿದ್ದರು: "ಹದಿನಾಲ್ಕು ವರ್ಷ ಕಾಯಿಸಿದ ಚಿತ್ರ ನನ್ನನ್ನು ಹದಿನಾಲ್ಕು ನಿಮಿಷವೂ ಹಿಡಿದು ಕೂರಿಸಲಿಲ್ಲ. ಬಾಗಿಲು ತೆರೆದ ಮರುಗಳಿಗೆಯೇ ಹುಡುಗಿ ದೊಡ್ಡವಳಾಗಿದ್ದಾಳೆ. ನಡುವಿನ ವರ್ಷಗಳು ಎಲ್ಲಿ ಹೋದವು? ಚಿತ್ರ ಮಾಡಿದವರಿಗೆ ನೆನಪೇ ಇಲ್ಲ."

ಮಧ್ಯಾಹ್ನದ ಆಟಕ್ಕೆ ಹತ್ತೊಂಬತ್ತು ಜನ. ಮ್ಯಾನೇಜರ್ ಮೆಟ್ಟಿಲಿಳಿದು ಅಂಗಡಿಯ ಮುಂದೆ ನಿಂತ.

"ಅಕ್ಕ, ಭಾನುವಾರದಿಂದ ಬೇರೆ ಚಿತ್ರ ಹಾಕ್ತೀನಿ. ನಾಳೆ ಸಂಜೆ ಆಟಕ್ಕೆ ಅರ್ಧ ಸೀಟಾದ್ರೂ ತುಂಬದಿದ್ರೆ ಇದರ ಕತೆ ಮುಗೀತು."

ಅಕ್ಕ ಕತ್ತರಿ ಕೆಳಗಿಟ್ಟಳು. "ಭಾನುವಾರ ನನ್ನ ಮಗಳು ಬರ್ತಾಳಪ್ಪ. ಒಂದೇ ಒಂದು ದಿನ ಇಟ್ಕೋ."

"ಖಾಲಿ ಕುರ್ಚಿಗೆ ಸಿನಿಮಾ ತೋರಿಸ್ಲಾ?"

"ಹಾಗಾದ್ರೆ ನಾನೊಂದು ಬರೀಲಾ? ಹಲಗೆಗೆ?"

ಅವನು ಗೋಡೆ ಹಿಡಿದುಕೊಂಡು ನಕ್ಕ. "ಅಕ್ಕ, ನೀವು ಪ್ಯಾಂಟ್ ಕತ್ತರಿಸಿ. ಸಿನಿಮಾ ಕತ್ತರಿಸೋಕೆ ಮೇಷ್ಟ್ರಿದ್ದಾರೆ." ಅವಳು ನಗಲಿಲ್ಲ. ಅದನ್ನು ಕಂಡು ಅವನಿಗೂ ಒಂದಿಷ್ಟು ಕಸಿವಿಸಿಯಾಯಿತು. "ಬರೀರಿ, ಬೇಡ ಅನ್ನಲ್ಲ. ಆದ್ರೆ ನೋಡದೆ ಹೆಂಗೆ ಬರೀತೀರಿ?"

ಅಲ್ಲೇ ಇದ್ದದ್ದು ಫಜೀತಿ. ಬರೆಯಬೇಕಾದರೆ ನೋಡಬೇಕು. ನೋಡಿದರೆ ಮಗಳಿಗೆ ಕೊಟ್ಟ ಮಾತು ಮುರಿಯುತ್ತದೆ. ನೋಡದಿದ್ದರೆ ಮಗಳಿಗೆ ಚಿತ್ರವೇ ಇಲ್ಲ. ಅಕ್ಕ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು.

"ಅಮ್ಮಾ! ಮೋಸ! ಹದಿನಾಲ್ಕು ವರ್ಷ ಕಾದು, ಎರಡು ದಿನ ತಡ್ಕೊಳ್ಳೋಕಾಗ್ಲಿಲ್ವಾ ನಿನಗೆ?"

"ನೀನು ಬರೋ ಹೊತ್ತಿಗೆ ಅದೇ ಇರಲ್ವಲ್ಲೇ."

ಆ ಕಡೆ ಗಾಡಿಯ ಇಂಜಿನ್ ಆರಿಸಿದ ಸದ್ದು. ಆಮೇಲೆ ಮಗಳು ಹೇಳಿದಳು: "ಸರಿ, ನೋಡು. ಆದ್ರೆ ಒಂದು ಷರತ್ತು. ಕತೆ ಒಂದು ಅಕ್ಷರಾನೂ ಬರೀಬಾರದು. ಬಾಗಿಲ ಹಿಂದೆ ಯಾರು ಅಂತ ನಿನ್ನ ಬಾಯಿಂದ ಬಂದ್ರೆ ನಾನು ಆ ಊರಿಗೇ ಕಾಲಿಡಲ್ಲ."

"ಕತೆ ಹೇಳದೆ ಸಿನಿಮಾ ಹೆಂಗಿದೆ ಅಂತ ಹೇಗೆ ಬರೀಲೇ?"

"ಅದು ನಿನ್ನ ತಲೆನೋವು."

ಸಂಜೆ ಆಟಕ್ಕೆ ಅಕ್ಕ ಎರಡನೇ ಸಾಲಿನಲ್ಲಿ ಒಬ್ಬಳೇ ಕೂತಳು. ಬಾಗಿಲು ತೆರೆಯಿತು. ಯಾರೆಂದು ಗೊತ್ತಾಯಿತು. ಅಕ್ಕ ಬಾಯಿಯ ಮೇಲೆ ಕೈಯಿಟ್ಟುಕೊಂಡಳು, ಪಕ್ಕದಲ್ಲಿ ಮಗಳು ಕೂತಿದ್ದಾಳೋ ಎಂಬಂತೆ. ಆಮೇಲೆ ಬೆಳೆದ ಹುಡುಗಿ ಸೂರಿಗೆ ಹಾರಿ ತಲೆಕೆಳಗಾಗಿ ನಡೆಯತೊಡಗಿದಳು. ಅವಳ ಪಾದಗಳು ಪರದೆಯ ತುಂಬ ಬಂದವು. ಎಲ್ಲರೂ ಹಿಂದೆ ಕಿಟಕಿಯಾಚೆ ಉರಿಯುತ್ತಿದ್ದ ಊರನ್ನು ನೋಡುತ್ತಿದ್ದರೆ, ಅಕ್ಕನ ಕಣ್ಣು ಹುಡುಗಿಯ ಪ್ಯಾಂಟಿನ ಕಾಲಂಚಿಗೆ ಅಂಟಿಕೊಂಡಿತು. ಬೆನ್ನು ತಾನಾಗಿಯೇ ನೆಟ್ಟಗಾಯಿತು.

ಶನಿವಾರ ಬೆಳಿಗ್ಗೆ ಗಿರಾಕಿಗಳ ಮೂರು ಜೊತೆ ಪ್ಯಾಂಟನ್ನು ಪಕ್ಕಕ್ಕಿಟ್ಟು, ಅಳತೆ ಕತ್ತರಿಸುವ ದಪ್ಪ ಕಾಗದದ ಮೇಲೆ ಬರೆಯಲು ಕೂತಳು. ಮೊದಲ ಸಲ ಬರೆದದ್ದರಲ್ಲಿ ಕತೆ ನುಸುಳಿಬಿಟ್ಟಿತ್ತು, ಹರಿದು ಹಾಕಿದಳು. ಎರಡನೆಯದು ಮೇಷ್ಟ್ರು ಬರೆದಂತೆ ಬರೆಯಲು ಹೋಗಿ ತನಗೇ ಅರ್ಥವಾಗದೆ ಹೋಯಿತು. ಅದನ್ನೂ ಹರಿದಳು. ಕಣ್ಣು ಮುಚ್ಚಿ, ಸೂಜಿಗೆ ದಾರ ಪೋಣಿಸುವ ಮುನ್ನ ಕೇಳಿಕೊಳ್ಳುವುದನ್ನೇ ಕೇಳಿಕೊಂಡಳು. ಆಮೇಲೆ ಗಿರಾಕಿಗೆ ಹೇಳುವ ಹಾಗೆಯೇ ಬರೆದಳು.

"ನಾನು ಬಟ್ಟೆ ಸರಿಮಾಡುವವಳು. ಕತೆ ಹೇಳುವುದಿಲ್ಲ, ಹೇಳಬಾರದೆಂದು ಮಾತು ಕೊಟ್ಟಿದ್ದೇನೆ. ಬಟ್ಟೆಯ ಬಗ್ಗೆ ಮಾತ್ರ ಹೇಳುತ್ತೇನೆ. ಮೊದಲ ಚಿತ್ರದಲ್ಲಿ ಪುಟ್ಟ ಹುಡುಗಿಯ ನೀಲಿ ಪ್ಯಾಂಟಿನ ಕಾಲು ತುಂಬ ದಪ್ಪ ಮಡಿಕೆಯಾಗಿತ್ತು. ಬೆಳೆಯುವ ಮಗು ಎಂದು ಹೊಲಿದವರು ಒಳಗೆ ಬಟ್ಟೆ ಬಿಟ್ಟಿದ್ದರು. ನಡುವಿನ ವರ್ಷಗಳು ಎಲ್ಲಿ ಹೋದವು ಎಂದು ಮೇಷ್ಟ್ರು ಕೇಳಿದ್ದಾರೆ. ಎಲ್ಲೂ ಹೋಗಿಲ್ಲ, ಆ ಪ್ಯಾಂಟಿನ ಕಾಲಂಚಿನಲ್ಲಿವೆ. ಅವಳು ಸೂರಿನ ಮೇಲೆ ನಡೆಯುವಾಗ ನೋಡಿ. ಅದು ಹೊಸ ಬಟ್ಟೆಯಲ್ಲ, ಅದೇ ಹಳೆಯದು. ಅಂಚಿನಲ್ಲಿ ಮೂರು ಗೆರೆ ಕಾಣುತ್ತವೆ. ಮಡಿಕೆ ಬಿಚ್ಚಿ ಉದ್ದ ಮಾಡಿದರೆ ಹಳೆಯ ಮಡಿಕೆಯ ಗೆರೆ ಎಷ್ಟು ಇಸ್ತ್ರಿ ಹಾಕಿದರೂ ಹೋಗುವುದಿಲ್ಲ. ಮೇಲಿನ ಬಟ್ಟೆ ಬಿಸಿಲಿಗೆ ಮಾಸಿದೆ, ಮಡಿಕೆಯೊಳಗಿದ್ದದ್ದು ಕಡುನೀಲಿಯಾಗಿಯೇ ಇದೆ. ಒಂದೊಂದು ಗೆರೆಯ ಕೆಳಗೂ ನೀಲಿ ಒಂದೊಂದು ಪಾಲು ಗಾಢ. ಅಂದರೆ ಮೂರು ಸಲ ಆ ಹುಡುಗಿ ಬೆಳೆದಳು, ಮೂರು ಸಲ ಯಾರೋ ಕೂತು ಬಿಚ್ಚಿ ಹೊಲಿದರು. ಯಾರು ಎಂದು ಕೇಳಬೇಡಿ. ಬಿರುಗಾಳಿಯನ್ನು ತಡೆಯುವವರಿಗೂ ಮಗಳ ಬಟ್ಟೆ ಗಿಡ್ಡವಾಗುವುದನ್ನು ತಡೆಯಲಾಗುವುದಿಲ್ಲ.

"ಚಿತ್ರದಲ್ಲಿ ತಪ್ಪಿಲ್ಲ ಎನ್ನುವುದಿಲ್ಲ. ಗುದ್ದಾಟ ಒಂದು ಅಳತೆ ಜಾಸ್ತಿಯಾಯಿತು, ಅಜ್ಜನ ಮಾತು ಒಂದು ಅಳತೆ ಕಡಿಮೆಯಾಯಿತು. ಆದರೆ ಎರಡನೇ ಭಾಗ ಎಂದರೆ ಹೊಸ ಬಟ್ಟೆ ಹೊಲಿಯುವ ಕೆಲಸವಲ್ಲ. ಹಳೆಯದನ್ನೇ ಬೆಳೆದ ಮೈಗೆ ಹೊಂದಿಸುವ ಕೆಲಸ. ಅದರ ಕಷ್ಟ ನನಗೆ ಗೊತ್ತು. ಇವರು ಚೆನ್ನಾಗಿ ಹೊಂದಿಸಿದ್ದಾರೆ."

ಹನ್ನೊಂದು ಗಂಟೆಗೆ ಮ್ಯಾನೇಜರ್ ಅದನ್ನು ಓದಿದ. ಮೇಷ್ಟ್ರ ಕಾಗದದ ಪಕ್ಕದಲ್ಲೇ ಅಂಟಿಸಿದ.

ಸ್ವಲ್ಪ ಹೊತ್ತಿಗೆ ಮೇಷ್ಟ್ರೇ ಬಂದರು. ದಪ್ಪ ಕಾಗದವನ್ನು ಕಂಡು ಮೂಗು ಮುರಿದರು. ಜೇಬಿನಿಂದ ಕೆಂಪು ಪೆನ್ನು ತೆಗೆದು ಮುಚ್ಚಳ ಬಿಚ್ಚಿ ಓದತೊಡಗಿದರು. ಮೆಟ್ಟಿಲ ಕೆಳಗೆ ಅಕ್ಕನ ಯಂತ್ರ ನಿಂತುಹೋಯಿತು. ಮೇಷ್ಟ್ರು ಕೊನೆಯ ಸಾಲಿಗೆ ಬಂದರು, ಮತ್ತೆ ಮೊದಲಿನಿಂದ ಓದಿದರು. ಪೆನ್ನಿಗೆ ಮುಚ್ಚಳ ಹಾಕಿ ಟಿಕೆಟ್ ಕಿಟಕಿಯತ್ತ ನಡೆದರು.

"ಮೇಷ್ಟ್ರೇ, ನಿನ್ನೆ ನೋಡಿದ್ರಲ್ಲ?" ಎಂದ ಮ್ಯಾನೇಜರ್.

"ನೋಡಿದ್ದೆ ಅಂದ್ಕೊಂಡಿದ್ದೆ. ಒಂದು ಟಿಕೆಟ್ ಕೊಡಯ್ಯ, ಮುಂದಿನ ಸಾಲು."

ಆಟ ಮುಗಿಸಿ ಹೊರಬಂದ ಮೇಷ್ಟ್ರು ನೇರ ಅಂಗಡಿಗೆ ಬಂದರು. ಅಕ್ಕ ಎದ್ದು ನಿಂತಳು.

"ಏನಮ್ಮಾ, ಮೂವತ್ತೆಂಟು ವರ್ಷ ಪಾಠ ಹೇಳಿದ್ದೀನಿ ನಾನು. ಮಕ್ಕಳ ಕಾಲು ನೋಡಿರ್ಲಿಲ್ಲ ಅನ್ಸುತ್ತೆ."

"ನೀವು ಮುಖ ನೋಡ್ತಿದ್ರಿ ಸಾರ್. ನಾನು ಕೆಳಗೆ ಕೂತು ಅಳತೆ ತಗೊಳ್ಳೋಳು, ನನಗೆ ಮೊದಲು ಕಾಣೋದೇ ಕಾಲು."

ಮೇಷ್ಟ್ರು ಹಲಗೆಯ ಬಳಿಗೆ ಹೋಗಿ, ತಮ್ಮ ಕಾಗದವನ್ನು ತಾವೇ ಕಿತ್ತು ಮಡಚಿ ಜೇಬಿಗಿಟ್ಟುಕೊಂಡರು. ಅಕ್ಕನ ಕಾಗದದ ಕೆಳಗೆ ಕೆಂಪಿನಲ್ಲಿ ಎರಡೇ ಮಾತು ಬರೆದರು: "ನಿಜ. ಎಣಿಸಿದೆ."

ಹನ್ನೊಂದು ವರ್ಷದಲ್ಲಿ ಮೇಷ್ಟ್ರು ತಮ್ಮ ಮಾತನ್ನು ಹಿಂತೆಗೆದುಕೊಂಡದ್ದನ್ನು ಯಾರೂ ಕಂಡಿರಲಿಲ್ಲ. ಸುದ್ದಿ ಬೀದಿಯಲ್ಲಿ ಹಬ್ಬಿತು. ಔಷಧಿ ಅಂಗಡಿಯವರು ಬಂದು ಓದಿದರು. ಬಸ್ಸಿಗೆ ಕಾಯುತ್ತಿದ್ದವರು ಬಸ್ಸು ಬಿಟ್ಟು ಓದಿದರು. "ಮೂರು ಗೆರೆ ಅಂತೆ" ಎನ್ನುತ್ತ ಮಕ್ಕಳು ಅಪ್ಪ ಅಮ್ಮಂದಿರ ಕೈಹಿಡಿದು ಎಳೆದರು. ಸಂಜೆ ಆಟಕ್ಕೆ ಅರ್ಧವಲ್ಲ, ಮುಕ್ಕಾಲು ಭಾಗ ತುಂಬಿತು. ಮ್ಯಾನೇಜರ್ ಮೆಟ್ಟಿಲ ಮೇಲಿನಿಂದಲೇ ಬಗ್ಗಿ ಕೂಗಿದ: "ಅಕ್ಕಾ, ಮಗಳನ್ನ ಕರೆಸ್ಕೊಳ್ಳಿ! ಭಾನುವಾರ ಇದೇ ಚಿತ್ರ, ಆಮೇಲೂ ಇದೇ!"

ಅಕ್ಕ ಯಂತ್ರದ ಮೇಲೆ ಎರಡೂ ಕೈಯಿಟ್ಟು ಕಣ್ಣು ಮುಚ್ಚಿದಳು. ಈ ಸಲ ಏನನ್ನೂ ಕೇಳಿಕೊಳ್ಳಲಿಲ್ಲ.

ಭಾನುವಾರ ಮಗಳು ಬಂದಿಳಿದವಳೇ ಹಲಗೆಯ ಮುಂದೆ ನಿಂತಳು. ಓದುತ್ತ ಓದುತ್ತ ಅವಳ ನಗು ನಿಂತಿತು. ಆರನೇ ತರಗತಿಯಲ್ಲಿ ಅವಳ ಶಾಲೆಯ ಲಂಗಕ್ಕೂ ಅಂಥವೇ ಮೂರು ಗೆರೆಗಳಿದ್ದವು. "ನಿನ್ನ ಲಂಗದಲ್ಲಿ ರೈಲು ಹಳಿ ಇದೆ" ಎಂದು ಹುಡುಗಿಯರು ಆಡಿಕೊಂಡಿದ್ದರು. ಮನೆಗೆ ಬಂದು ನೀಲಿ ಪೆನ್ನಿನಿಂದ ಗೆರೆಗಳನ್ನು ತುಂಬಿದ್ದಳು. ಒಗೆದಾಗ ಶಾಯಿ ಹರಡಿ ಲಂಗವೆಲ್ಲ ಕಲೆಯಾಗಿತ್ತು. ಅಕ್ಕ ಆ ದಿನ ಬೈದಿರಲಿಲ್ಲ. ಮಗಳು ಅಳುತ್ತ ಹೇಳಿದ್ದನ್ನೆಲ್ಲ ಕೊನೆಯವರೆಗೂ ಕೇಳಿಸಿಕೊಂಡಿದ್ದಳು.

"ರೈಲು ಹಳಿ ಅಮ್ಮಾ" ಎಂದಳು ಮಗಳು.

"ಹೂಂ ಕಣೇ. ಅದೇ ಹಳಿ ಮೇಲೆ ಅವಳು ಸೂರೆಲ್ಲ ನಡೀತಾಳೆ. ಬಾ, ಶುರುವಾಗುತ್ತೆ."

ಮಂದಿರದಲ್ಲಿ ಒಂದು ಕುರ್ಚಿಯೂ ಖಾಲಿಯಿರಲಿಲ್ಲ. ಕೆಂಪು ಪೆನ್ನಿನ ಮೇಷ್ಟ್ರು ಮುಂದಿನ ಸಾಲಿನಲ್ಲಿ ಮೂರನೆಯ ಸಲ ಕೂತಿದ್ದರು. ಬಾಗಿಲು ತೆರೆಯಿತು. ಮಗಳು ಕಿರುಚಿ ಅಕ್ಕನ ತೋಳು ಹಿಂಡಿದಳು, ಅಕ್ಕನೂ ಮೊದಲ ಸಲ ನೋಡುತ್ತಿರುವವಳಂತೆ ಕಿರುಚಿದಳು. ಹುಡುಗಿ ಸೂರಿಗೆ ಹಾರಿದಳು, ಪಾದಗಳು ಪರದೆ ತುಂಬಿದವು.

"ಒಂದು!" ಎಂದಿತು ಹಿಂದಿನಿಂದ ಯಾವುದೋ ಮಗು.

"ಎರಡು!" ಎಂದಿತು ಅರ್ಧ ಮಂದಿರ.

"ಮೂರು!" ಎಂದು ಇಡೀ ಮಂದಿರ ಕೂಗಿತು. ಎಲ್ಲರಿಗಿಂತ ಜೋರು ಆಂಬುಲೆನ್ಸ್ ಓಡಿಸುವ ದನಿ. ಚಪ್ಪಾಳೆಯ ಸದ್ದಿಗೆ ಮುಂದಿನ ಮಾತುಗಳು ಯಾರಿಗೂ ಕೇಳಿಸಲಿಲ್ಲ.

ಸದ್ದು ಇಳಿಯುವ ಹೊತ್ತಿಗೆ ಮಗಳು ಅಕ್ಕನ ಕಿವಿಯ ಹತ್ತಿರ ಬಾಗಿದಳು. "ಅಮ್ಮಾ, ನೋಡಿದ್ಯಾ? ಕೆಳಗಿನ ಮಡಿಕೆ ಇನ್ನೂ ದಪ್ಪ ಇದೆ. ಒಳಗೆ ಇನ್ನೂ ಬಟ್ಟೆ ಉಳಿದಿದೆ!"

"ನೋಡಿದೆ."

"ಮತ್ತೆ ಅದನ್ನ ಯಾಕೆ ಬರೀಲಿಲ್ಲ?"

"ಅದೊಂದು ನೀನೇ ಕಂಡುಹಿಡೀಲಿ ಅಂತ ಬಿಟ್ಟಿದ್ದೆ" ಎಂದಳು ಅಕ್ಕ, ಪರದೆಯಿಂದ ಕಣ್ಣು ತೆಗೆಯದೆ.