ಬನಹಟ್ಟಿಯ ಓಣಿಯಲ್ಲಿ ಮಗ್ಗಗಳು ನಿಂತ ಮಧ್ಯಾಹ್ನ

ಈ ಪ್ರವಾಸದ ಕೆಲವು ವಿವರಗಳು ನನ್ನ ನೆನಪಿನಲ್ಲಿ ತಪ್ಪಾಗಿ ಕುಳಿತಿರಬಹುದು. ಕುಡಚಿ ಸ್ಟೇಶನ್ನಿನಿಂದ ಬನಹಟ್ಟಿಗೆ ಮೋಟಾರಿಗೆ ಹತ್ತಾಣೆ ಎಂದು ದಿನಚರಿಯಲ್ಲಿ ಬರೆದಿದ್ದೇನೆ. ಆದರೆ ಕಣ್ಣ ಮುಂದೆ ಬರುವುದು ಇಡೀ ರೂಪಾಯಿ ಕೊಟ್ಟು ಚಿಲ್ಲರೆಗಾಗಿ ಕಂಡಕ್ಟರನೊಡನೆ ವಾದಿಸಿದ್ದು. ಯುದ್ಧ ನಡೆದಿತ್ತು, ಚಳಿ ಮುಗಿಯುತ್ತ ಬಂದಿತ್ತು. ಇಷ್ಟು ಖಚಿತ.

ನಾನಾಗ ಬೆಳಗಾವಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದೆ. ಬನಹಟ್ಟಿಯಲ್ಲಿ ತಾಯಿಯ ತಾಯಿ, ನಮ್ಮ ಆಯಿ, ಹಾಸಿಗೆ ಹಿಡಿದಿದ್ದಳು. ಹೊಟ್ಟೆಯಲ್ಲಿ ಗಂಟು, ಕೊಯ್ದರೂ ಉಳಿಯುವ ಭರವಸೆಯಿಲ್ಲ ಎಂದು ಜಮಖಂಡಿಯ ಡಾಕ್ಟರು ಹೇಳಿದ್ದರು. ನಾನು ಒಪ್ಪಲಿಲ್ಲ. ಪುಣೆಯಲ್ಲಿ ಜೊತೆಗೆ ಓದಿದ ಗೆಳತಿಯೊಬ್ಬಳ ಮೂಲಕ ಮಿರಜದ ಆಸ್ಪತ್ರೆಯಲ್ಲಿ ಒಂದು ಮಂಚ ಗೊತ್ತುಮಾಡಿ, ಆಯಿಯನ್ನು ಕರೆದೊಯ್ಯಲೆಂದೇ ಹೊರಟಿದ್ದೆ.

ಪೆಟ್ರೋಲು ಸಿಗದ ಕಾಲ. ಮೋಟಾರು ಇದ್ದಿಲ ಹೊಗೆಯಿಂದ ಓಡುತ್ತಿತ್ತು. ತೇರದಾಳ ದಾಟಿದ ಮೇಲೆ ಒಂದು ಏರಿನಲ್ಲಿ ಎಲ್ಲರನ್ನೂ ಇಳಿಸಿದರು. ಸಾವಳಗಿಯ ರೈತರೊಬ್ಬರು ಹಿಂದಿನಿಂದ ನೂಕುತ್ತ, “ಅಕ್ಕಾರ, ರೊಕ್ಕಾನೂ ನಾವ ಕೊಡೂದು, ಗಾಡೀನೂ ನಾವ ಎಳಿಯೂದು. ಛಲೋ ಐತಿ ನೋಡ್ರಿ ಸವಾರಿ!” ಎಂದರು. ನೆರಳಲ್ಲಿ ಕುಳಿತಾಗ ಅವರೇ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರು. ಆ ರೊಟ್ಟಿಯ ಋಣ ನನ್ನ ಮೇಲಿದೆ.

ಬನಹಟ್ಟಿಯಲ್ಲಿ ಇಳಿದು ನೇಕಾರರ ಓಣಿಗೆ ತಿರುಗಿದವಳು ನಿಂತುಬಿಟ್ಟೆ. ಹಗಲು ಹೊತ್ತಿನಲ್ಲಿ ಒಂದು ಮಗ್ಗವೂ ಸದ್ದು ಮಾಡುತ್ತಿರಲಿಲ್ಲ. ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ಎಲ್ಲ ಮನೆಗಳವರೂ ಮಗ್ಗ ನಿಲ್ಲಿಸುವುದು ಅಲ್ಲಿಯ ರೂಢಿ. ಆಯಿಯ ಮಗ ಗುರಪ್ಪಮಾಮಾನ ಮನೆಯ ಮುಂದೆ ಜನ ನೆರೆದಿದ್ದರು. ಒಬ್ಬರ ಕೈಯಲ್ಲಿ ಹೂವಿನ ಹಾರ, ಇನ್ನೊಬ್ಬರ ಕಂಕುಳಲ್ಲಿ ಭಜನೆಯ ತಾಳ. ತಡವಾಯಿತು ಎಂದುಕೊಂಡೆ.

ಒಳಗಿನಿಂದ ಆಯಿಯ ದನಿ ಕೇಳಿತು. “ಹಾರ ತಂದವರು ಯಾರ ಬೇ? ಇಲ್ಲೆ ಇಟ್ಟ ಹೋಗು. ಅದು ಬಾಡೂದರಾಗ ಬೇಕಾಗ್ತೈತೇನ ನೋಡೂಣಂತ!”

ನಡೆದದ್ದು ಇಷ್ಟು. ರಾತ್ರಿಯೆಲ್ಲ ನರಳಿದ ಆಯಿಗೆ ಮಧ್ಯಾಹ್ನ ನಿದ್ದೆ ಹತ್ತಿತ್ತು. ನಿದ್ದೆ ಕೆಡಬಾರದೆಂದು ಗುರಪ್ಪಮಾಮಾ ಮಗ್ಗ ನಿಲ್ಲಿಸಿದ್ದ. ಅದು ನಿಂತದ್ದು ಕೇಳಿ ಪಕ್ಕದ ಮನೆಯವರು ನಿಲ್ಲಿಸಿದರು, ಅವರದು ಕೇಳಿ ಆಚೆಯವರು. ಓಣಿಯೆಲ್ಲ ಮೌನವಾದಾಗ ಆಯಿಗೆ ಎಚ್ಚರವಾಯಿತು. ಮಗ್ಗದ ಸದ್ದಿನಲ್ಲೇ ಬಾಳಿದವಳಿಗೆ ಸದ್ದಿಲ್ಲದಿರುವುದೇ ಗದ್ದಲವಾಗಿತ್ತು.

“ಗುರಪ್ಪಾ, ಹೇಳಿ ನಿಲ್ಲಸಬಾರದೇನೋ ಲೇ? ನನ್ನ ಒಲಿ ಮ್ಯಾಲಿನ ಬ್ಯಾಳಿ ಹತ್ತಿಹೋತು,” ಎಂದು ನೆರೆಮನೆಯ ತುಂಗವ್ವ ಬೈದಳು. ಬೈಯುತ್ತಲೇ ಸೆರಗು ಸಿಕ್ಕಿಸಿ ಒಳಗೆ ಬಂದು, ಆಯಿಯನ್ನು ಮಗ್ಗುಲಿಗೆ ಹೊರಳಿಸಿ, ಬೆನ್ನು ಒರೆಸಿದಳು. ಅಳಲು ಬಂದವರಲ್ಲಿ ನಾಲ್ಕಾರು ಜನ ಅಂದಿನಿಂದ ಸರತಿ ಹಾಕಿಕೊಂಡು ಬಂದರು. ತಿಂಗಳುಗಟ್ಟಲೆ ಒಬ್ಬಳೇ ಹೆಣಗಿದ್ದ ಮಾಮಾನ ಹೆಂಡತಿ ಕಾಶವ್ವತ್ತಿ ಆ ರಾತ್ರಿ ಗೋಡೆಗೊರಗಿ ಬೆಳಗಿನವರೆಗೆ ಮಲಗಿದಳು. ಅವಳು ಹಾಗೆ ಮಲಗಿದ್ದನ್ನು ನೆನೆದರೆ ಇಂದಿಗೂ ಆ ಓಣಿಗೆ ಕೈಮುಗಿಯಬೇಕೆನಿಸುತ್ತದೆ.

ಮರುದಿನ ಮಿರಜದ ಮಾತು ತೆಗೆದೆ. ನೋವಾದರೂ ಕಡಿಮೆಯಾದೀತು ಎಂದೆ.

“ಅಲ್ಲೆ ಮಗ್ಗ ಅದಾವೇನು?” ಆಯಿ ಕೇಳಿದಳು.

“ಆಸ್ಪತ್ರೆಯೊಳಗ ಮಗ್ಗ ಹೆಂಗ ಇರ್ತಾವ ಆಯಿ?”

“ಹಂಗಾರ ನಾ ಅಲ್ಲೆ ಏನ ಕೇಳ್ಕೋತ ಬೀಳ್ಲಿ? ಏ ಗುರಪ್ಪಾ, ಸುಮ್ಮ ಯಾಕ ಕುಂತಿ? ನೇಯಿ. ಸಪ್ಪಳ ಇದ್ರ ನನಗ ನಿದ್ದಿ ಹತ್ತತೈತಿ.”

ಮಾಮಾ ನನ್ನ ಮುಖ ನೋಡಿದ. ನಾನು ಕಾಶವ್ವತ್ತಿಯ ಮುಖ ನೋಡಿದೆ. “ಅವರು ಹೇಳಿದ್ದ ಆಗ್ಲಿ ಬಿಡವ್ವಾ. ಮಿರಜಕ್ಕ ಹೋದ್ರ ನಿಮ್ಮ ಮಾಮಾನೂ ಹೋಗಬೇಕು, ಮಗ್ಗ ನಿಂತ್ರ ಒಲೀನೂ ನಿಂತಂಗ,” ಎಂದು ಅತ್ತಿ ಮೆಲ್ಲಗೆ ಅಂದಳು. ಮಾಮಾ ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲಿಳಿಸಿ ಕುಳಿತು ನೂಲಿನ ಲಾಳಿ ಎಸೆದ. ಸ್ವಲ್ಪ ಹೊತ್ತಿಗೆ ಆಯಿಯ ಉಸಿರು ನಿಧಾನವಾಯಿತು. ನಿಜವಾದ ನಿದ್ದೆಯೋ, ನಮಗಾಗಿ ಮುಚ್ಚಿದ ಕಣ್ಣೋ, ಆಗ ನಾನು ಯೋಚಿಸಲಿಲ್ಲ. ಯೋಚಿಸಿದ್ದೆ ಎಂದು ಈಗ ಅನಿಸಿದರೆ ಅದು ಆಮೇಲೆ ಸೇರಿಕೊಂಡದ್ದು.

ರಜೆ ಇರುವವರೆಗೂ ಅಲ್ಲೇ ಉಳಿದೆ. ಚಮಚದಿಂದ ನೀರು ಬಿಡುವುದನ್ನು, ಬೂದಿಯ ಮೇಲೆ ಹಳೆಯ ಸೀರೆ ಹರವಿ ಹಾಸಿಗೆ ಒಣಗಿಡುವುದನ್ನು ತುಂಗವ್ವ ಕಲಿಸಿದಳು. ನೋವು ತಾಳಬಲ್ಲಷ್ಟಿದ್ದಾಗ ಆಯಿ ಲಾಳಿಗೆ ನೂಲಿನ ಕಂಡಿಕೆ ಸುತ್ತುವ ಹೆಂಗಸರನ್ನು ಹೆಸರು ಹಿಡಿದು ಚೇಷ್ಟೆ ಮಾಡುತ್ತಿದ್ದಳು. ಹೊರಡುವ ದಿನ ನನ್ನ ಕೆನ್ನೆ ಮುಟ್ಟಿ, “ಹೋಗು, ಸಾಲಿ ಹುಡುಗ್ಯಾರು ದಾರಿ ನೋಡ್ತಿರ್ತಾವ,” ಎಂದಳು. ನಾನು ಬೆಳಗಾವಿ ಮುಟ್ಟಿದ ವಾರದೊಳಗೆ ತೀರಿಕೊಂಡಳು. ಮಧ್ಯಾಹ್ನ, ಮಾಮಾ ನೇಯುತ್ತಿದ್ದಾಗಲೇ, ಎಂದು ತಿಳಿಯಿತು.

ನಾನು ಹೊರಟ ದಿನ ಮೋಟಾರಿನವರೆಗೆ ನನ್ನನ್ನು ಕಳಿಸಲು ಬಂದಿದ್ದ ಮಾಮಾನನ್ನು ಒಂದು ಮಾತು ಕೇಳಿದ್ದೆ. ಅವನು ಟೋಪಿ ತೆಗೆದು ಕೊಡವಿ ಮತ್ತೆ ಹಾಕಿಕೊಂಡ. ಆಮೇಲೆ ಎಷ್ಟೋ ಸಲ ಭೇಟಿಯಾದೆವು, ಆ ಮಾತು ಬಂದರೆ ಅವನ ಕೈ ಟೋಪಿಗೇ ಹೋಗುತ್ತಿತ್ತು.

“ಮಾಮಾ, ಆಯಿಗೆ ಖರೇನ ಆ ಸಪ್ಪಳ ಬೇಕಾಗಿತ್ತೋ, ಇಲ್ಲಾ ನಿಮ್ಮ ಒಲಿ ಆರಬಾರದಂತ ಹಂಗ ಅಂದ್ಲೋ?”