ಮೂರನೇ ಮೇಜಿನ ಸೆಟ್ಟಿಂಗು

ತಾವು ಕಲಿತ ರೀತಿಯಲ್ಲೇ ಲೋಕವೆಲ್ಲ ಕಲಿಯಬೇಕು ಅನ್ನುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅಂಥ ಒಬ್ಬರನ್ನು ನಾನು ಮೊದಲು ನೋಡಿದ್ದು ತಮಿಳುನಾಡಿನ ತೇನಿಯಲ್ಲಿ, ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದಾಗ. ನಾನಾಗ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಹೇಳುತ್ತಿದ್ದೆ. ಅವರು ದಿಂಡಿಗಲ್ಲಿನಲ್ಲಿ ಕಂಪ್ಯೂಟರ್ ಮೇಷ್ಟ್ರು, ಶನಿವಾರ ಶನಿವಾರ ಬಸ್ಸಿಳಿದು ನಮ್ಮಲ್ಲಿಗೆ ಬರುತ್ತಿದ್ದರು.

ನಮ್ಮ ಮಾಲೀಕರು ಯಾವುದೋ ಆಫೀಸು ಬೇಡವೆಂದು ಬಿಟ್ಟ ಮೂರು ಕಂಪ್ಯೂಟರ್ ತಂದಿದ್ದರು. ಹೊಸ ಸಾಫ್ಟ್‌ವೇರಿನ ಭಾರ ತಡೆಯುವ ಶಕ್ತಿ ಅವಕ್ಕೆ ಇರಲಿಲ್ಲ. ಮೇಷ್ಟ್ರು ಅವುಗಳಿಗೆ ಲಿನಕ್ಸ್ ಹಾಕಿ, ಮೇಲೆ ಕಿಟಕಿಗಳನ್ನು ತೋರಿಸಲು ತೀರ ಹಗುರವಾದ ಒಂದು ಪ್ರೋಗ್ರಾಂ ಕೂರಿಸಿದರು. ಸತ್ತಂತಿದ್ದ ಯಂತ್ರಗಳು ಎದ್ದು ಕೂತವು. ಅಷ್ಟರ ಮಟ್ಟಿಗೆ ಅವರಿಗೆ ಕೈ ಮುಗಿಯುತ್ತೇನೆ, ಅದಕ್ಕಿಂತ ಒಂದು ಬೆರಳೂ ಹೆಚ್ಚಿಲ್ಲ.

ಯಾಕೆಂದರೆ ಆ ಪ್ರೋಗ್ರಾಂ ಬಂದ ಹಾಗೇ ಬಿಟ್ಟರೆ ಅದರ ನಡತೆ ಹೀಗಿತ್ತು: ಮೌಸಿನ ಬಾಣ ಯಾವ ಕಿಟಕಿಯ ಮೇಲಿದೆಯೋ ಟೈಪು ಮಾಡಿದ ಅಕ್ಷರ ಅಲ್ಲಿಗೇ ಹೋಗುವುದು. ಬಾಣ ಅಂಚಿಗೆ ತಾಕಿದರೆ ಇಡೀ ಪರದೆಯೇ ಸರಿದು ಇನ್ನೊಂದು ಖಾಲಿ ಪರದೆ ಬರುವುದು. ಅಂಥವು ಒಂಬತ್ತು. ಪರದೆ ನೋಡುತ್ತ ಕೆಲಸ ಮಾಡುವವರಿಗೆ ಇದು ಸುಖವೇ ಇರಬಹುದು. ನಮ್ಮವರು ಪರದೆ ನೋಡುವವರಲ್ಲ. ಟೈಪಿಂಗಿನ ಮೊದಲನೇ ಪಾಠವೇ ಕಣ್ಣು ಕಾಗದ ಬಿಟ್ಟು ಏಳಬಾರದು ಅನ್ನುವುದು. ಎದ್ದರೆ ಸ್ಕೇಲಿನಿಂದ ಗೆಣ್ಣಿನ ಮೇಲೆ ಬಾರಿಸುತ್ತಿದ್ದವಳು ನಾನೇ.

ಇನ್ನೊಂದು ಅಭ್ಯಾಸವೂ ಇತ್ತು. ಟೈಪ್‌ರೈಟರಿನಲ್ಲಿ ಸಾಲು ಮುಗಿದಾಗ ಎಡಗೈ ತಾನಾಗಿ ಮೇಲೆದ್ದು ಲಿವರನ್ನು ತಳ್ಳುತ್ತದೆ. ಕಂಪ್ಯೂಟರಿಗೆ ಲಿವರಿಲ್ಲ, ಆದರೆ ಕೈಗೆ ಅದು ಗೊತ್ತಿಲ್ಲ. ನೋಡಿ ಬರೆಯುವ ಕಾಗದದ ಸ್ಟ್ಯಾಂಡು ಬಲಕ್ಕೆ ಇರುತ್ತಿದ್ದರಿಂದ ಮೌಸು ಎಡಕ್ಕಿತ್ತು. ಸಾಲು ಮುಗಿಯಿತು, ಕೈ ಎದ್ದಿತು, ಮೌಸಿಗೆ ಬಡಿಯಿತು, ಬಾಣ ಹಾರಿತು. ಆಮೇಲೆ ಹೊಡೆದದ್ದೆಲ್ಲ ಗಾಳಿಗೆ. ಖಾಲಿ ಪರದೆ ಕಂಡ ಹುಡುಗಿಯರು ಕಾಗದವೇ ಹರಿದುಹೋಯಿತು ಎಂದುಕೊಂಡು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು. ಒಬ್ಬಳು ಒಂದೇ ರಜಾ ಅರ್ಜಿಯನ್ನು ಏಳು ಪರದೆಗಳಲ್ಲಿ ಶುರು ಮಾಡಿಟ್ಟಿದ್ದಳು.

ನಾನು ಮೇಷ್ಟ್ರನ್ನು ಮರ್ಯಾದೆಯಿಂದಲೇ ಕೇಳಿದೆ. ಕ್ಲಿಕ್ ಮಾಡಿದ ಕಿಟಕಿಗೇ ಅಕ್ಷರ ಹೋಗಲಿ, ಒಂದೇ ಪರದೆ ಇರಲಿ, ಸಾಕು ಅಂದೆ. ಇದನ್ನು ಮಾಡಿದವರು ದಡ್ಡರಲ್ಲ, ನಿಮ್ಮವರು ತಲೆ ಎತ್ತಿ ನೋಡುವುದನ್ನು ಕಲಿಯಲಿ ಅಂದರು. ಅಷ್ಟಕ್ಕೇ ಬಿಡದೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ತಮಿಳಿನಲ್ಲಿ ಉದುರಿಸಿದರು. ಕ್ಲಾಸೆಲ್ಲ ನಕ್ಕಿತು. ನೆಲ ಡೊಂಕಾಗೇ ಇತ್ತಲ್ಲ ಸ್ವಾಮೀ, ಅದಕ್ಕೇನು ಮಾಡೋಣ?

ಸೆಟ್ಟಿಂಗುಗಳೆಲ್ಲ ಒಂದು ಸಾದಾ ಬರಹದ ಫೈಲಿನಲ್ಲಿವೆ ಎಂದು ಹಿಂದೆ ಜಂಬ ಕೊಚ್ಚುವಾಗ ಅವರೇ ಬಾಯಿ ಬಿಟ್ಟಿದ್ದರು. ಬರಹಕ್ಕೆ ಹೆದರುವ ಟೈಪಿಸ್ಟು ಉಂಟೆ? ಮಧ್ಯಾಹ್ನದ ಬಿಡುವಿನಲ್ಲಿ, ಮೊಸರನ್ನದ ಡಬ್ಬಿ ಪಕ್ಕಕ್ಕಿಟ್ಟು, ಪ್ರೋಗ್ರಾಮಿನೊಂದಿಗೇ ಬಂದಿದ್ದ ಸಹಾಯದ ಪುಟಗಳನ್ನು ಓದುತ್ತ ಒಂದೊಂದೇ ಸಾಲು ತಿದ್ದಿದೆ. ಎರಡು ಸಲ ಪರದೆ ಬೂದಿ ಬಣ್ಣಕ್ಕೆ ತಿರುಗಿ ಮಂಕು ಬಡಿದಂತೆ ನಿಂತಿತು. ಕೊನೆಗೂ ಕೂಡಿಬಂತು. ಕ್ಲಿಕ್ ಮಾಡದೆ ಕಿಟಕಿ ಬದಲಾಗದು. ಪರದೆ ಒಂದೇ. ಅಕ್ಷರ ದೊಡ್ಡದು. ಮೂರನೇ ಮೇಜಿನ ಯಂತ್ರಕ್ಕೆ ಮೊದಲು ಹಾಕಿ, ಅಕ್ಕನನ್ನು ಅಲ್ಲಿ ಕೂರಿಸಿದೆ.

ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ಕಂಬಂ ಕಡೆ ನೆಲೆಸಿದ, ಕನ್ನಡ ಮನೆಮಾತಿನ ನಮ್ಮವರ ಪೈಕಿ, ನಲವತ್ತು ದಾಟಿದ ಒಂಟಿ ಹೆಂಗಸು. ತೇನಿಯ ತಾಲ್ಲೂಕು ಆಫೀಸಿನ ಎದುರಿನ ಅಂಗಡಿಯಲ್ಲಿ ಹದಿನೈದು ವರ್ಷ ಅರ್ಜಿ ಟೈಪು ಮಾಡಿದ್ದಳು, ಆ ಅಂಗಡಿ ಮುಚ್ಚಿತ್ತು. ಕಂಬಂಗೆ ಬಂದು ಮನೆಯಲ್ಲಿ ಬೇಯಿಸಿಕೊಂಡಿರು ಎಂದು ಅವಳ ಅಣ್ಣ ವಾರಕ್ಕೊಮ್ಮೆ ಹೇಳಿ ಕಳಿಸುತ್ತಿದ್ದ. ಅತ್ತಿಗೆಯ ಒಲೆ ಮುಂದೆ ಕೂರುವುದಕ್ಕಿಂತ ಬಾವಿ ನೋಡಿಕೊಳ್ಳುವುದು ಮೇಲು ಅನ್ನುತ್ತಿದ್ದಳು ಅಕ್ಕ. ಅಷ್ಟರಲ್ಲಿ ವೇದಸಂದೂರಿನ ಒಂದು ನೂಲಿನ ಗಿರಣಿಗೆ ಕಂಪ್ಯೂಟರ್ ಬಲ್ಲ ಟೈಪಿಸ್ಟು ಬೇಕಾಯಿತು. ಕೆಲಸದ ಜೊತೆಗೆ ಇರಲು ಒಂದು ಕೋಣೆ. ಗಿರಣಿಯ ಮ್ಯಾನೇಜರು ನಮ್ಮ ಮಾಲೀಕರಿಗೆ ಗುರುತು, ಭಾನುವಾರ ಇಲ್ಲೇ ಬಂದು ಪರೀಕ್ಷೆ ಮಾಡುತ್ತೇನೆಂದು ಒಪ್ಪಿದ್ದರು.

ಅಕ್ಕ ಎರಡು ವಾರ ಅಭ್ಯಾಸ ಮಾಡಿದಳು. ಇಲಿಗೆ ನಮ್ಮ ಮನೆಮಾತಿನಲ್ಲಿ ಎಲಿ ಅನ್ನುತ್ತೇವೆ. ಮೌಸೂ ಅವಳಿಗೆ ಎಲಿಯೇ. ಸಾಲಿಗೊಂದು ಸಲ ಅವಳ ಕೈ ಆ ಎಲಿಗೆ ಬಡಿಯುತ್ತಿತ್ತು. ಏನೂ ಆಗುತ್ತಿರಲಿಲ್ಲ. ಪುಟಕ್ಕೆ ಪುಟ ಒಂದು ತಪ್ಪಿಲ್ಲದೆ ಇಳಿಯುತ್ತಿತ್ತು.

ಪರೀಕ್ಷೆಯ ಹಿಂದಿನ ದಿನ ಶನಿವಾರ. ಅಲ್ಲಿಯತನಕ ಆ ಕಡೆ ಸುಳಿಯದಿದ್ದ ಮೇಷ್ಟ್ರು, ಅಕ್ಕ ಮನೆಗೆ ಹೋದಮೇಲೆ ಮೂರನೇ ಮೇಜಿಗೆ ಕೂತವರು, ಯಾರು ಇದಕ್ಕೆ ಕೈ ಹಾಕಿದ್ದು ಎಂದು ಕೇಳಿದರು. ನಾನೇ ಅಂದೆ. ಕೂಡಲೇ ನನ್ನ ಫೈಲಿನ ಮೇಲೆ ಹಳೆಯದನ್ನು ಹಾಕಿಬಿಟ್ಟರು. ಕಣ್ಣು ಮಂಜಾಗಿದ್ದ ಮಾಲೀಕರು ದೊಡ್ಡ ಅಕ್ಷರ ಮಾತ್ರ ಇರಲಿ ಅಂದದ್ದಕ್ಕೆ ಅದೊಂದನ್ನು ಉಳಿಸಿದರು. ಹಾಗಾಗಿ ನೋಡುವುದಕ್ಕೆ ಪರದೆ ಮೊದಲಿನಂತೆಯೇ ಇತ್ತು.

ಈಗ ನನ್ನ ವಿಷಯ. ನನ್ನ ಫೈಲಿನ ಪ್ರತಿ ಒಂದು ಫ್ಲಾಪಿಯಲ್ಲಿತ್ತು, ಫ್ಲಾಪಿ ನನ್ನ ಕೈಚೀಲದಲ್ಲಿತ್ತು. ಭಾನುವಾರ ಎಲ್ಲರಿಗಿಂತ ಒಂದು ಗಂಟೆ ಮೊದಲೇ ಬಂದೆ. ಐದು ನಿಮಿಷದ ಕೆಲಸ. ನಾನು ಮಾಡಲಿಲ್ಲ. ಮ್ಯಾನೇಜರ ಮುಂದೆ ಮೆರೆಯಲು ಮೇಷ್ಟ್ರೂ ಬರುವವರಿದ್ದರು. ಅವರ ಯಂತ್ರ ಎಲ್ಲರೆದುರು ಕೈಕೊಡಲಿ, ಅವರಿಗೆ ಸರಿಯಾಗಿ ಮಂಗಳಾರತಿಯಾಗಲಿ ಎಂದು ಕಾದು ಕೂತೆ. ಆಮೇಲೆ ನಾನೆದ್ದು ಫ್ಲಾಪಿ ಹಾಕಿ ಸರಿಮಾಡುವುದು, ಅಕ್ಕ ಮತ್ತೆ ಟೈಪು ಮಾಡುವುದು ಎಂದೆಲ್ಲ ಲೆಕ್ಕ ಹಾಕಿದ್ದೆ. ನಿಜ ಹೇಳಬೇಕೆಂದರೆ ಆ ಲೆಕ್ಕದಲ್ಲಿ ಅಕ್ಕ ಕೊನೆಗೆ ಬಂದಿದ್ದಳು.

ಅಕ್ಕ ಕಾಗದ ನಿಲ್ಲಿಸಿ ಶುರು ಮಾಡಿದಳು. ಮೊದಲ ಸಾಲು ಮುಗಿಯಿತು, ಎಡಗೈ ಎದ್ದಿತು. ನಾನು ನೋಡಿದೆ. ಕೂಗಬಹುದಿತ್ತು, ಕೂಗಲಿಲ್ಲ. ಹತ್ತು ನಿಮಿಷ ಎಡೆಬಿಡದೆ ಹೊಡೆದು ಅವಳು ತಲೆ ಎತ್ತಿದಾಗ ಪರದೆ ಬರಿದಾಗಿತ್ತು. ತನ್ನ ಪುಟಕ್ಕಾಗಿ ಪರದೆಯಲ್ಲಿ ಹುಡುಕಿದಳು. ಮ್ಯಾನೇಜರು ಗಡಿಯಾರ ನೋಡಿದರು. ಇವರಿಗೆ ಪರದೆ ನೋಡಿ ಅಭ್ಯಾಸವಿಲ್ಲ, ವಯಸ್ಸೂ ಆಯಿತು ಎಂದು ಮೇಷ್ಟ್ರು ನಗುತ್ತಲೇ ಹೇಳಿದರು.

ಆಗ ಬಾಯಿ ತೆರೆದೆ. ವಿವರಿಸಬೇಕಾದದ್ದು ಜಗಳವಾಗಿ ಹೊರಬಂತು. ನಾನು ಸರಿಮಾಡಿದ್ದು, ನೀವು ಕೆಡಿಸಿದ್ದು, ನೀವು, ನೀವು ಎಂದು ಅವರ ಮೇಲೇ ಎಗರಿದೆ. ಮ್ಯಾನೇಜರಿಗೆ ಕಂಡದ್ದು ಕಿತ್ತಾಡುವ ಇಬ್ಬರು, ಒಂದು ಖಾಲಿ ಪರದೆ. ಆಮೇಲೆ ತಿಳಿಸುತ್ತೇವೆ ಎಂದು ಕಾರು ಹತ್ತಿದರು. ಅಕ್ಕ ಕಾಗದ ಮಡಚಿ, ತಪ್ಪಾಯಿತು ಎಂದು ಎಲ್ಲರಿಗೂ ಹೇಳಿದಳು, ಮೇಷ್ಟ್ರಿಗೂ.

ಬಸ್ ನಿಲ್ದಾಣದವರೆಗೆ ಜೊತೆಗೆ ಹೋದೆ. ಅಲ್ಲಿ ಅಕ್ಕ ಮನೆಮಾತಿನಲ್ಲಿ ಕೇಳಿದಳು.

"ನೆನ್ನೆ ಅವ್ರು ಮಾತ್ಸಿದ್ದು ನಿಂಗೆ ಗೊತ್ತಿತ್ತಾ?"

ಸೆಟ್ಟಿಂಗು ಬದಲಾಯಿಸಿದ್ದು ಗೊತ್ತಿತ್ತು ಅಂದೆ. ಅವಳು ಬಯ್ಯಲಿಲ್ಲ. ಬಯ್ದಿದ್ದರೆ ನಾನೂ ಏನಾದರೂ ತಿರುಗಿ ಹೇಳುತ್ತಿದ್ದೆ.

"ಒಂದ್ ಮಾತು ಏಳಿದ್ರೆ ಪೋದುಂ ಕಣಮ್ಮಾ, ಅಷ್ಟೇ ಸಾಕಿತ್ತು," ಅಂದಳು. "ಆ ಎಲೀನ ಎತ್ತಿ ಮೇಜಿನ್ ಕೆಳಗೆ ಮಡಗ್ತಿದ್ದೆ."

ಕಂಬಂ ಬಸ್ಸು ಬಂತು. ಅಕ್ಕ ಹತ್ತಿದಳು.